ಒಳಮಡಿಯುವ ಚಕ್ರ: ಸ್ಪಿಟ್‌ಫೈರ್ ಕಾರಿನ ಅಗ್ಗದ ದೋಷ, ಅಗ್ಗದ ಮದ್ದು

ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ನಮ್ಮ ಬಳಗದ ಹಿರಿಯ ಓದುಗರು ಮರೆತಿರಲಾರರು. ಮದರಾಸಿನ ಹೊರವಲಯದ ವಂಡಲೂರಿನಲ್ಲಿ ತಯಾರಾಗುತ್ತಿದ್ದ ಆ ಪುಟ್ಟ ಕಾರು 1960ರ ದಶಕದಲ್ಲಿ ವೈದ್ಯರು, ವಕೀಲರು, ಕಾಲೇಜು ಪ್ರಾಧ್ಯಾಪಕರ ಮನೆಗಳ ಮುಂದೆ ನಿಂತಿರುತ್ತಿತ್ತು. ಅದರ ಹಿಂಬದಿಯ ಚಕ್ರಗಳಿಗೊಂದು ವಿಚಿತ್ರ ಸ್ವಭಾವವಿತ್ತು. ಕಾರಿನ ತುಂಬ ಜನ ಕುಳಿತರೆ ಚಕ್ರಗಳ ಮೇಲಂಚು ಒಳಕ್ಕೆ ವಾಲುತ್ತಿತ್ತು. ಜಾಕ್ ಹಚ್ಚಿ ಹಿಂಭಾಗವನ್ನು ಎತ್ತಿದರೆ, ಹಾರಲು ಎದ್ದ ಕೊಕ್ಕರೆಯ ಕಾಲುಗಳಂತೆ, ಕೆಳಂಚುಗಳು ಒಂದನ್ನೊಂದು ಕೂಡಲು ಒಳಕ್ಕೆ ಮಡಿಯುತ್ತಿದ್ದವು. ನೋಡುವವರಿಗೆ ಅದು ಬರಿಯ ತಮಾಷೆ. ಆದರೆ ಇದೇ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ ಇಂಗ್ಲೆಂಡಿನಲ್ಲಿ ಕಟ್ಟಿದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರಿನಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ತಿರುವಿನಲ್ಲಿ ಎದೆಗುಂದಿ ಆಕ್ಸಿಲರೇಟರಿನಿಂದ ಕಾಲು ತೆಗೆದ ಚಾಲಕನನ್ನು ಅದು ರಸ್ತೆಯಿಂದಾಚೆಗೆ ಎಸೆಯಬಲ್ಲದಾಗಿತ್ತು.

ಆ ದೋಷ ಎಲ್ಲಿಂದ ಬಂತು, ಅದನ್ನು ಕಡಿಮೆ ಖರ್ಚಿನಲ್ಲಿ ಯಾರು ಯಾರು ಹೇಗೆ ಸರಿಪಡಿಸಿದರು ಎಂಬುದು ಈ ಲೇಖನದ ವಿಷಯ. ನಾವು ಮೆಕ್ಯಾನಿಕ್ಕುಗಳಲ್ಲ, ಕಡತಗಳ ನಡುವೆ ದಿನ ಕಳೆಯುವವರು. ಬಹುಶಃ ಅದಕ್ಕಾಗಿಯೇ ಈ ಕಥೆ ನಮ್ಮನ್ನು ಹಿಡಿದು ಕೂರಿಸಿತು. ಇದರ ಮೂಲ ಎಂಜಿನಿಯರರ ಅಜ್ಞಾನದಲ್ಲಿಲ್ಲ, ಲೆಕ್ಕಪತ್ರದಲ್ಲಿದೆ.

ಕವೆಂಟ್ರಿ ನಗರದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ 1950ರ ದಶಕದಲ್ಲಿ ಹೊಸ ಸಣ್ಣ ಕಾರೊಂದನ್ನು ರೂಪಿಸಲು ಹೊರಟಾಗ ಅದಕ್ಕೆ ಎದುರಾದ ತೊಡಕು ಕವಚದ್ದು. ಕಾರಿನ ಒಡಲನ್ನು ಒತ್ತಿ ಕೊಡುತ್ತಿದ್ದ ಫಿಶರ್ ಅಂಡ್ ಲಡ್ಲೋ ಎಂಬ ಕಾರ್ಖಾನೆಯನ್ನು 1953ರಲ್ಲಿ ಪ್ರತಿಸ್ಪರ್ಧಿಯಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕೊಂಡುಬಿಟ್ಟಿತು. ಇಡೀ ಒಡಲನ್ನು ಏಕಶಿಲೆಯಂತೆ ಬೆಸೆದು ಮಾಡುವ ಹೊಸ ಪದ್ಧತಿಗೆ ದೊಡ್ಡ ಕಾರ್ಖಾನೆಯೇ ಬೇಕು. ಅದಿಲ್ಲದ ಕಂಪನಿ ಹಿಂದಿನ ಕಾಲದ ದಾರಿಗೆ ಮರಳಿತು: ಕೆಳಗೆ ಬೇರೆಯಾದ ಉಕ್ಕಿನ ಚಾಸಿ, ಅದರ ಮೇಲೆ ಬೇರೆ ಬೇರೆ ಕಡೆ ತಯಾರಾದ ಒಡಲಿನ ತುಂಡುಗಳನ್ನು ಬೋಲ್ಟ್ ಹಾಕಿ ಕೂಡಿಸುವುದು. ಇಟಲಿಯ ವಿನ್ಯಾಸಕಾರ ಜೊವಾನಿ ಮಿಕೆಲೊಟ್ಟಿ ಅದಕ್ಕೆ ಚೂಪು ಮೂಲೆಗಳ ಚೆಲುವಾದ ರೂಪ ಕೊಟ್ಟ. ಹ್ಯಾರಿ ವೆಬ್‌ಸ್ಟರ್ ಮುಖ್ಯ ಎಂಜಿನಿಯರ್. 1959ರ ಏಪ್ರಿಲ್‌ನಲ್ಲಿ ಹೆರಾಲ್ಡ್ ಹೊರಬಂತು. 25 ಅಡಿ ಅಗಲದ ವೃತ್ತದೊಳಗೆ ಪೂರ್ತಿ ತಿರುಗಿಬಿಡುತ್ತಿದ್ದ ಅದರ ಚುರುಕನ್ನು ಕಂಡು ಜನ ಬೆರಗಾದರು.

ಬೇರೆ ಚಾಸಿಯ ಈ ನಿರುಪಾಯದ ನಿರ್ಧಾರದಿಂದ ಎರಡು ಫಲಗಳು ದೊರೆತವು. ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ತುಂಬಿ ದೂರದ ದೇಶಗಳಿಗೆ ಕಳಿಸಿ ಅಲ್ಲಿ ಜೋಡಿಸಲು ಇಂಥ ಕಾರು ಹೇಳಿ ಮಾಡಿಸಿದಂತಿತ್ತು. ಮದರಾಸಿಗೆ ಹೆರಾಲ್ಡ್ ಬಂದ ದಾರಿ ಅದು. ಎರಡನೆಯದಾಗಿ, ಚಾಸಿಯನ್ನು ತುಸು ಗಿಡ್ಡ ಮಾಡಿ ಮೇಲೊಂದು ತೆರೆದ ಒಡಲನ್ನು ಕೂರಿಸಿದರೆ ಅಗ್ಗದಲ್ಲಿ ಸ್ಪೋರ್ಟ್ಸ್ ಕಾರೊಂದು ಸಿದ್ಧವಾಗುತ್ತಿತ್ತು. ಮಿಕೆಲೊಟ್ಟಿ ಅಂಥದೊಂದು ಮಾದರಿಯನ್ನು 1960ರಲ್ಲಿ ಮಾಡಿಯೂ ಕೊಟ್ಟಿದ್ದ. ಕಂಪನಿಯ ಬಳಿ ಹಣವಿರಲಿಲ್ಲ. ಮಾದರಿ ಬಟ್ಟೆ ಹೊದ್ದು ಕಾರ್ಖಾನೆಯ ಮೂಲೆ ಸೇರಿತು. ಲಾರಿ ತಯಾರಕರಾದ ಲೇಲ್ಯಾಂಡ್ ಕಂಪನಿಯವರು ಸ್ಟ್ಯಾಂಡರ್ಡ್-ಟ್ರಯಂಫನ್ನು ಕೊಂಡ ಮೇಲೆ, ಆಸ್ತಿಪಾಸ್ತಿ ನೋಡಲು ಬಂದ ಅಧಿಕಾರಿಗಳು ಆ ಬಟ್ಟೆಯನ್ನು ಎತ್ತಿ ನೋಡಿದರಂತೆ. 1962ರ ಲಂಡನ್ ಮೋಟಾರು ಪ್ರದರ್ಶನದಲ್ಲಿ ಅದು ಸ್ಪಿಟ್‌ಫೈರ್ ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ಸ್ಪಿಟ್‌ಫೈರ್ ಎಂದರೆ ಕಿಡಿ ಕಾರುವ ಸ್ವಭಾವದವಳು. ಯುದ್ಧಕಾಲದ ವಿಮಾನಕ್ಕೂ ಅದೇ ಹೆಸರು. ಕನ್ನಡದಲ್ಲಿ ‘ಕಾರು’ ಕ್ರಿಯಾಪದವೂ ಆಗಿರುವುದರಿಂದ ಕಿಡಿಕಾರುವ ಕಾರು ಎಂಬ ಶ್ಲೇಷೆ ನಮಗೆ ಪುಕ್ಕಟೆಯಾಗಿ ಒದಗುತ್ತದೆ.

1147 ಸಿಸಿ ಎಂಜಿನ್, 63 ಅಶ್ವಶಕ್ತಿ, ಇಬ್ಬರಿಗೆ ಆಸನ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆರಾಲ್ಡಿನಲ್ಲಿ 91.5 ಅಂಗುಲವಿದ್ದದ್ದು ಇಲ್ಲಿ 83ಕ್ಕೆ ಇಳಿದಿತ್ತು. ಮುಂಬದಿಯ ಸಸ್ಪೆನ್ಷನ್ ಆ ಕಾಲಕ್ಕೆ ಮೆಚ್ಚತಕ್ಕದ್ದೇ. ಮೇಲೊಂದು ಕೆಳಗೊಂದು ಕವಲುತೋಳು, ನಡುವೆ ಸುರುಳಿ ಸ್ಪ್ರಿಂಗು. ಹಲವು ರೇಸಿಂಗ್ ಕಾರುಗಳ ತಯಾರಕರು ಅದರ ಭಾಗಗಳನ್ನು ಕೊಂಡು ತಮ್ಮ ಕಾರುಗಳಿಗೆ ಹಾಕಿಕೊಂಡರು. ತೊಂದರೆಯೆಲ್ಲ ಹಿಂದೆ ಇತ್ತು.

ಎತ್ತಿನಗಾಡಿಯ ಅಚ್ಚನ್ನು ನೆನೆಸಿಕೊಳ್ಳಿ. ಒಂದೇ ಅಚ್ಚು, ಎರಡು ಗಾಲಿ. ಒಂದು ಗಾಲಿ ಕಲ್ಲು ಹತ್ತಿದರೆ ಅಚ್ಚಿನ ಸಮೇತ ಇನ್ನೊಂದೂ ವಾಲುತ್ತದೆ. ಮೋಟಾರು ಕಾರುಗಳ ಹಿಂಬದಿಯೂ ಬಹುಕಾಲ ಹೀಗೆಯೇ ಇತ್ತು. ಆಸ್ಟ್ರಿಯಾದ ಎಡ್ಮಂಡ್ ರೂಂಪ್ಲರ್ ಎಂಬ ಎಂಜಿನಿಯರ್ 1903ರಲ್ಲೇ ಇದಕ್ಕೊಂದು ಉಪಾಯ ಹೂಡಿ ಪೇಟೆಂಟ್ ಪಡೆದ. ಅಚ್ಚನ್ನು ನಡುವೆ ತುಂಡರಿಸಿ, ನಡುವಣ ಗೇರು ಪೆಟ್ಟಿಗೆಯ ಎರಡೂ ಪಕ್ಕಕ್ಕೆ ಕೀಲು ಹಾಕಿದರೆ, ಎಡಗಾಲಿಯ ಕುಲುಕಾಟ ಬಲಗಾಲಿಗೆ ತಟ್ಟುವುದಿಲ್ಲ. ಇದೇ ಸ್ವಿಂಗ್ ಆಕ್ಸಲ್. ಕಲ್ಲು ಹಾದಿಗಳಲ್ಲಿ ಸುಖ, ಮಾಡಲು ಸುಲಭ, ಭಾಗಗಳು ಕಡಿಮೆ. ಟಾಟ್ರಾ, ಫೋಕ್ಸ್‌ವ್ಯಾಗನ್ ಬೀಟಲ್, ಪೋರ್ಷೆ 356, ಮರ್ಸಿಡಿಸ್ ಎಲ್ಲವೂ ಅದನ್ನು ಬಳಸಿದವು. ಹೆರಾಲ್ಡಿಗೆ ಅದನ್ನು ಅಳವಡಿಸಿದಾಗ ‘ನಾಲ್ಕೂ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್’ ಎಂಬ ಮಾತನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿಕೊಳ್ಳಬಹುದಾಯಿತು. ಅಷ್ಟು ಅಗ್ಗದ ಬ್ರಿಟಿಷ್ ಕಾರಿನಲ್ಲಿ ಅದು ಅಪರೂಪ. ಎರಡೂ ಚಕ್ರಗಳ ಮೇಲೆ ಅಡ್ಡಲಾಗಿ, ಕಮಾನಿನಂತೆ ಬಾಗಿದ ಒಂದೇ ಪಟ್ಟಿ ಸ್ಪ್ರಿಂಗನ್ನು ನಡುವೆ ಗೇರು ಪೆಟ್ಟಿಗೆಯ ತಲೆಗೆ ಬಿಗಿದರು. ಎರಡು ಸ್ಪ್ರಿಂಗುಗಳ ಕೆಲಸ ಒಂದರಲ್ಲೇ ಆಯಿತು, ದುಡ್ಡೂ ಉಳಿಯಿತು.

ಉಳಿದ ದುಡ್ಡಿನ ಬಡ್ಡಿ ತಿರುವುಗಳಲ್ಲಿ ತೆರಬೇಕಾಯಿತು. ಕೀಲಿಗೆ ಕಟ್ಟುಬಿದ್ದ ಚಕ್ರ ಮೇಲೆ ಕೆಳಗೆ ಆಡುವಾಗ ನೆಟ್ಟಗೆ ಆಡದೆ, ತೂಗುಬಾಗಿಲಿನಂತೆ ಕಮಾನಿನ ದಾರಿಯಲ್ಲಿ ಆಡುತ್ತದೆ. ವೇಗವಾಗಿ ತಿರುಗುವಾಗ ಹೊರಬದಿಯ ಹಿಂಚಕ್ರದ ಟೈರು ರಸ್ತೆಯನ್ನು ಕಚ್ಚಿ ಹಿಡಿದು ಕಾರನ್ನು ಒಳಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ನೆಲದ ಮಟ್ಟದಲ್ಲಿ, ಕೀಲು ಅದಕ್ಕಿಂತ ಮೇಲೆ. ಆದ್ದರಿಂದ ಚಕ್ರ ಕೀಲಿನ ಅಡಿಗೆ ಮಡಿಯಲು ಹವಣಿಸುತ್ತ ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ. ಮೇಲೆದ್ದಷ್ಟೂ ಚಕ್ರ ಇನ್ನಷ್ಟು ಮಡಿಯುತ್ತದೆ. ಮಡಿದಷ್ಟೂ ಟೈರು ಅಂಚಿನ ಮೇಲೆ ನಿಂತು ಹಿಡಿತ ಸಡಿಲಿಸುತ್ತದೆ. ಈ ಹೊತ್ತಿನಲ್ಲಿ ಚಾಲಕ ಹೆದರಿ ಆಕ್ಸಿಲರೇಟರ್ ಬಿಟ್ಟನೋ, ಬ್ರೇಕ್ ಒತ್ತಿದನೋ, ಭಾರ ಮುಂದಕ್ಕೆ ಸರಿದು ಹಿಂಭಾಗ ಮತ್ತೂ ಮೇಲೇಳುತ್ತದೆ. ಆಮೇಲೆ ಕಾರಿನ ಬಾಲ ಮುಂದಕ್ಕೆ ಸುತ್ತಿ ಬರುತ್ತದೆ. ಮನುಷ್ಯನ ಸಹಜ ಪ್ರತಿಕ್ರಿಯೆಯೇ ಅಪಾಯವನ್ನು ಪೂರ್ಣಗೊಳಿಸುವ ಯಂತ್ರ ಇದು. ಇದಕ್ಕಿಂತ ಕೆಟ್ಟ ಗುಣವನ್ನು ಕಾರಿನಲ್ಲಿ ಊಹಿಸುವುದು ಕಷ್ಟ. ಅದರಲ್ಲೂ ಮೊದಲ ಸಂಬಳದ ಉಳಿತಾಯದಲ್ಲಿ ಕೊಂಡ ಇಪ್ಪತ್ತರ ತರುಣನ ಕೈಯಲ್ಲಿ.

ಜನ ತುಂಬಿದ ಹೆರಾಲ್ಡಿನಲ್ಲಿ ಈ ಗುಣ ಅಷ್ಟಾಗಿ ಹೊರಬೀಳದಿರಲು ಕಾರಣವೂ ಇಲ್ಲೇ ಇದೆ. ಭಾರದಿಂದ ಹಿಂಭಾಗ ತಗ್ಗಿದಾಗ ಚಕ್ರಗಳ ಮೇಲಂಚು ಒಳಕ್ಕೆ ವಾಲಿರುತ್ತದೆ. ಮಡಿಯಬೇಕಾದರೆ ಅವು ಬಹಳ ದೂರ ಬರಬೇಕು. ಅಜ್ಜಿ, ಅತ್ತೆ, ಟ್ರಂಕುಗಳ ಸಮೇತ ತಿರುಪತಿಗೆ ಹೊರಟ ಹೆರಾಲ್ಡ್ ಟೈರಿನ ಒಳ ಅಂಚನ್ನು ಸವೆಸುತ್ತಿತ್ತು, ನಿಜ. ಆದರೆ ಒಬ್ಬನೇ ಕುಳಿತು ಓಡಿಸುವ ಹೆರಾಲ್ಡಿಗಿಂತ ಅದು ರಸ್ತೆಯ ಮೇಲೆ ಭದ್ರವಾಗಿ ಕೂರುತ್ತಿತ್ತು.

ಇದೇ ದೋಷ ಅಮೆರಿಕದಲ್ಲಿ ರಾಜಕೀಯವಾಯಿತು. ಶೆವ್ರೊಲೆ ಕಂಪನಿಯ ಕೊರ್ವೇರ್ ಕಾರಿನ 1960ರಿಂದ 1963ರವರೆಗಿನ ಮಾದರಿಗಳಲ್ಲಿ ಎಂಜಿನ್ ಹಿಂದೆ, ಕೆಳಗೆ ಸ್ವಿಂಗ್ ಆಕ್ಸಲ್. ಮುಂಬದಿಗೆ ಬೇಕಿದ್ದ ಆಂಟಿ-ರೋಲ್ ಬಾರ್ ಎಂಬ ಬಾಗಿದ ಉಕ್ಕಿನ ಸರಳನ್ನು ಖರ್ಚು ಉಳಿಸಲು ಕೈಬಿಡಲಾಗಿತ್ತು. 1965ರಲ್ಲಿ ರಾಲ್ಫ್ ನೇಡರ್ ಬರೆದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಅಧ್ಯಾಯವೇ ಆ ಕಾರಿನ ಮೇಲೆ. ಜನರಲ್ ಮೋಟಾರ್ಸ್ ನೇಡರ್ ಹಿಂದೆ ಪತ್ತೇದಾರರನ್ನು ಬಿಟ್ಟಿತು. ವಿಷಯ ಬಯಲಾಗಿ 1966ರಲ್ಲಿ ಅದರ ಅಧ್ಯಕ್ಷ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷ ವಾಹನ ಸುರಕ್ಷತೆಯ ಕಾನೂನು ಬಂತು. 1972ರಲ್ಲಿ ಸರ್ಕಾರಿ ಸಂಸ್ಥೆಯೇ ನಡೆಸಿದ ಪರೀಕ್ಷೆಯ ವರದಿ, ಕೊರ್ವೇರ್ ತನ್ನ ಕಾಲದ ಇತರ ಕಾರುಗಳಿಗಿಂತ ಕೆಟ್ಟದ್ದೇನಲ್ಲ ಎಂದಿತೆಂಬುದನ್ನೂ ಇಲ್ಲಿ ಹೇಳಬೇಕು. ನೇಡರ್ ವಾದದಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಆ ಸರಳಿನ ಲೆಕ್ಕ. ದೋಷ ಗೊತ್ತಿತ್ತು, ಮದ್ದೂ ಗೊತ್ತಿತ್ತು, ಅದರ ಬೆಲೆಯೂ ಅಲ್ಪ. 1964ರ ಮಾದರಿಗೆ ಮುಂದೆ ಆಂಟಿ-ರೋಲ್ ಬಾರ್, ಹಿಂದೆ ಅಡ್ಡ ಪಟ್ಟಿ ಸ್ಪ್ರಿಂಗು ಕಂಪನಿಯಿಂದಲೇ ಬಂದಿದ್ದವು.

ಕಂಪನಿಗಳು ಲೆಕ್ಕ ಹಾಕುತ್ತ ಕುಳಿತಿದ್ದಾಗ ಮಾಲೀಕರು ಕಾಯಲಿಲ್ಲ. ಕ್ಯಾಲಿಫೋರ್ನಿಯಾದ ಎಂಪಿ ಎಂಬ ಸಂಸ್ಥೆ ಬೀಟಲ್ ಕಾರಿಗೆ ‘ಕ್ಯಾಂಬರ್ ಕಾಂಪೆನ್ಸೇಟರ್’ ಎಂಬ ಉಪಕರಣವನ್ನು ಮಾರುತ್ತಿತ್ತು. ಹೆಸರು ದೊಡ್ಡದು, ವಸ್ತು ಸರಳ: ಎರಡೂ ಅರೆ ಅಚ್ಚುಗಳ ಕೆಳಗೆ ಅಡ್ಡಲಾಗಿ ಹಾಯಿಸಿ, ನಡುವೆ ಕೀಲಿನ ಮೇಲೆ ನಿಲ್ಲಿಸಿದ ಒಂದು ಉಕ್ಕಿನ ಪಟ್ಟಿ. ಒಂದು ಚಕ್ರ ಮೇಲೆ ಇನ್ನೊಂದು ಕೆಳಗೆ ಹೋದರೆ ಅದು ತಕ್ಕಡಿಯ ದಂಡದಂತೆ ವಾಲಿಕೊಟ್ಟು ಸುಮ್ಮನಿರುತ್ತದೆ. ಎರಡೂ ಒಟ್ಟಿಗೆ ಕೆಳಗೆ ಮಡಿಯಲು ಹೊರಟರೆ ತಡೆಯುತ್ತದೆ. ಪೋರ್ಷೆ ಕಂಪನಿ 1960ರ ಹೊತ್ತಿಗೆ ತನ್ನ 356ರ ಸೂಪರ್ 90 ಮಾದರಿಗೆ ಇಂಥದೇ ಪಟ್ಟಿಯನ್ನು ತಾನೇ ಹಾಕಿ ಕೊಟ್ಟಿತು. ಸ್ಪಿಟ್‌ಫೈರ್ ಮಾಲೀಕರಿಗೂ ಈ ಬಗೆಯ ಪಟ್ಟಿಗಳು ದೊರೆತವು. ಅದೂ ದುಬಾರಿ ಎನಿಸಿದವರು ಸ್ಪ್ರಿಂಗು ಮತ್ತು ಗೇರು ಪೆಟ್ಟಿಗೆಯ ನಡುವೆ ಒಂದು ಉಕ್ಕಿನ ದಿಮ್ಮಿಯನ್ನು ಇಟ್ಟು ಕಾರಿನ ಹಿಂಭಾಗವನ್ನು ತಗ್ಗಿಸಿದರು. ಐದಾರು ಜನ ಸದಾ ಕುಳಿತಂತೆ ಚಕ್ರಗಳು ಒಳವಾಲಿ ನಿಂತವು. ತಿರುಪತಿಯ ಹೆರಾಲ್ಡಿಗೆ ಭಾರದಿಂದ ದಕ್ಕಿದ ಭದ್ರತೆಯನ್ನು ಇವರು ಒಂದು ದಿಮ್ಮಿಯಿಂದ ಪಡೆದರು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಹೆಚ್ಚುವರಿ ವೆಚ್ಚವಿಲ್ಲದ ಪ್ರಸ್ತಾವ. ಅಮೆರಿಕದ ರೇಸಿಂಗ್ ಅಂಗಳಗಳಲ್ಲಿ ಟ್ರಯಂಫಿನ ಸ್ಪರ್ಧಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಕ್ಯಾಸ್ ಕ್ಯಾಸ್ಟ್‌ನರ್ ಇಂಥ ಮಾರ್ಪಾಟುಗಳನ್ನು ಕೈಪಿಡಿಯಾಗಿಯೇ ಬರೆದು ಹಂಚಿದ. 1965ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಸಿದ್ಧಪಡಿಸಿದ ಸ್ಪಿಟ್‌ಫೈರೊಂದು ಒಟ್ಟಾರೆ 13ನೆಯದಾಗಿ ಬಂದು ತನ್ನ ವರ್ಗದಲ್ಲಿ ಮೊದಲನೆಯದಾಯಿತು. ಅದೇ ಅಡ್ಡ ಸ್ಪ್ರಿಂಗಿನ ಕುಲದ ಕಾರು!

ಟ್ರಯಂಫ್ ಕಂಪನಿಯ ಕಣ್ಣು ತೆರೆಸಿದ್ದು ಜಿಟಿ6. ಸ್ಪಿಟ್‌ಫೈರಿಗೆ ಮುಚ್ಚಿದ ಮಾಡು ಹಾಕಿ, ಎರಡು ಲೀಟರಿನ ಆರು ಸಿಲಿಂಡರ್ ಎಂಜಿನನ್ನು ಇಟ್ಟು 1966ರಲ್ಲಿ ತಂದ ಕಾರು ಅದು. 95 ಅಶ್ವಶಕ್ತಿ ಅದೇ ಮಡಿಯುವ ಚಕ್ರಗಳ ಮೇಲೆ ಬಂದಾಗ ಪತ್ರಿಕೆಗಳ ಪರೀಕ್ಷಕರು ಖಂಡಿಸಿದರು. 1968ರ ಎರಡನೆಯ ಆವೃತ್ತಿಯಲ್ಲಿ ಕಂಪನಿ ನಿಜವಾದ ಮದ್ದನ್ನೇ ತಂದಿತು. ಕೆಳಗೆ ಪ್ರತ್ಯೇಕ ಕವಲುತೋಳು, ಅರೆ ಅಚ್ಚಿನ ನಡುವೆ ರೋಟೋಫ್ಲೆಕ್ಸ್ ಎಂಬ ದಪ್ಪ ರಬ್ಬರಿನ ಜೋಡಣೆ. ಚಕ್ರ ಈಗ ಕೀಲಿನ ಸುತ್ತ ಮಡಿಯದೆ ಹೆಚ್ಚುಕಡಿಮೆ ನೆಟ್ಟಗೆ ಏರಿಳಿಯುತ್ತಿತ್ತು. ಕಾರು ಸುಧಾರಿಸಿತು, ಬೆಲೆ ಏರಿತು. ರಬ್ಬರು ಸವೆದಾಗ ಅದನ್ನು ಬದಲಿಸುವ ಕೆಲಸ ಮಾಲೀಕರ ತಾಳ್ಮೆಯನ್ನೂ ಜೇಬನ್ನೂ ಪರೀಕ್ಷಿಸಿತು. ಈಗಲೂ ಪರೀಕ್ಷಿಸುತ್ತಿದೆ.

ಸ್ಪಿಟ್‌ಫೈರಿಗೆ ಆ ಮದ್ದು ಸಿಗಲಿಲ್ಲ. 1970ರ ಮಾರ್ಕ್ 4 ಮಾದರಿಗೆ ಕಂಪನಿ ಬೇರೆಯದನ್ನೇ ಮಾಡಿತು. ಅದನ್ನು ತಿಳಿದಾಗ ನಾವು ನಿಜಕ್ಕೂ ತಲೆದೂಗಿದೆವು. ಹಿಂದಿನ ಕಾರಿನಲ್ಲಿ ಪಟ್ಟಿ ಸ್ಪ್ರಿಂಗಿನ ಎಲ್ಲ ಎಲೆಗಳನ್ನೂ ಒಟ್ಟಾಗಿ ಗೇರು ಪೆಟ್ಟಿಗೆಯ ತಲೆಗೆ ಬಿಗಿದಿದ್ದರು. ಈಗ ಒಂದೇ ಒಂದು ಎಲೆಯನ್ನು ಬಿಗಿದು, ಮಿಕ್ಕವನ್ನು ನಡುವೆ ಕೀಲಿನ ಮೇಲೆ ತೂಗಲು ಬಿಟ್ಟರು. ಕಾರು ತಿರುವಿನಲ್ಲಿ ಪಕ್ಕಕ್ಕೆ ವಾಲಿದಾಗ ಬಿಗಿದ ಸ್ಪ್ರಿಂಗು ಅದನ್ನು ಸೆಣಸಿ ತಡೆಯುತ್ತಿತ್ತು. ಹಾಗೆ ತಡೆಯುವ ಭರದಲ್ಲಿ ಹೊರಬದಿಯ ಹಿಂಚಕ್ರದ ಮೇಲೆ ಅತಿಯಾದ ಭಾರ ಹೊರಿಸುತ್ತಿತ್ತು. ತೂಗುವ ಸ್ಪ್ರಿಂಗು ಆ ಸೆಣಸಾಟದಿಂದ ಹಿಂದೆ ಸರಿಯುತ್ತದೆ. ವಾಲುವಿಕೆಯನ್ನು ತಡೆಯುವ ಹೊಣೆಯನ್ನು ಮುಂಬದಿಯ ದಪ್ಪನೆಯ ಆಂಟಿ-ರೋಲ್ ಬಾರಿಗೆ ವಹಿಸಲಾಯಿತು. ಭಾರದ ಪಾಲು ಹಿಂದಿನಿಂದ ಮುಂದಕ್ಕೆ ಹೋಯಿತು, ಹಿಂಚಕ್ರ ಮಡಿಯುವ ಹಠ ಬಿಟ್ಟಿತು. ಹೊಸ ತೋಳಿಲ್ಲ, ಹೊಸ ರಬ್ಬರಿಲ್ಲ. ಇದ್ದ ಸ್ಪ್ರಿಂಗಿನ ಬೋಲ್ಟುಗಳನ್ನು ಕಟ್ಟುವ ಬಗೆ ಬದಲಾಯಿತು, ಅಷ್ಟೆ. 1973ರಲ್ಲಿ ಅರೆ ಅಚ್ಚುಗಳನ್ನು ಒಂದೊಂದು ಅಂಗುಲ ಉದ್ದ ಮಾಡಿ ಹಿಂಚಕ್ರಗಳನ್ನು ಇನ್ನಷ್ಟು ದೂರ ನಿಲ್ಲಿಸಿದರು. ಕಡೆಗೆ ಜಿಟಿ6ನಲ್ಲೂ ದುಬಾರಿ ರೋಟೋಫ್ಲೆಕ್ಸನ್ನು ಕೈಬಿಟ್ಟು ಇದೇ ತೂಗುವ ಸ್ಪ್ರಿಂಗನ್ನು ಹಾಕಿದರು. 1980ರ ಆಗಸ್ಟ್‌ನಲ್ಲಿ ಕೊನೆಯ ಸ್ಪಿಟ್‌ಫೈರ್ ಹೊರಬರುವ ಹೊತ್ತಿಗೆ ತಯಾರಾದ ಒಟ್ಟು ಕಾರುಗಳು 3 ಲಕ್ಷ 14 ಸಾವಿರಕ್ಕೂ ಹೆಚ್ಚು.

ಎಂಟು ವರ್ಷ ಬೇಕಾಯಿತು ಈ ಬೋಲ್ಟುಗಳಿಗೆ. ಇದನ್ನು ಜಾಣತನವೆಂದು ಹೊಗಳುವಾಗಲೇ ನಮಗೆ ಕಸಿವಿಸಿಯೂ ಆಗುತ್ತದೆ. ಇಷ್ಟು ಅಗ್ಗದ ಮದ್ದು 1962ರಲ್ಲೇ ಹೊಳೆದಿದ್ದರೆ ಎಷ್ಟು ಮನೆಗಳ ತರುಣರು ಉಳಿಯುತ್ತಿದ್ದರೋ.

ಇತ್ತ ಮದರಾಸಿನಲ್ಲಿ ನಡೆದದ್ದು ಬೇರೆಯೇ ಕಥೆ. ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಸಂಸ್ಥೆ 1961ರಿಂದ ಹೆರಾಲ್ಡನ್ನು ತಯಾರಿಸತೊಡಗಿ, ಕ್ರಮೇಣ ಭಾಗಗಳನ್ನೆಲ್ಲ ಇಲ್ಲೇ ಮಾಡಿಕೊಂಡಿತು. ಇಂಗ್ಲೆಂಡಿನಲ್ಲಿ ಎಂದೂ ಇರದ ನಾಲ್ಕು ಬಾಗಿಲಿನ ಹೆರಾಲ್ಡ್ 1968ರಲ್ಲಿ ಇಲ್ಲಿ ಬಂತು. ಅಂದಿನ ಕಾರು ವ್ಯಾಪಾರ ಸರ್ಕಾರದ ಮುಷ್ಟಿಯಲ್ಲಿತ್ತು. ಮಾರಾಟ ಮತ್ತು ವಿತರಣೆಗೆ 1959ರ ನಿಯಂತ್ರಣ ಆದೇಶ. 1969ರಲ್ಲಿ ಬೆಲೆಯನ್ನೂ ಸರ್ಕಾರವೇ ನಿಗದಿ ಮಾಡಿತು. ಮೂರೂ ತಯಾರಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಕಾಲ. ನಮ್ಮಂಥ ಕೇಂದ್ರ ಸರ್ಕಾರಿ ನೌಕರರಿಗೆ ಕಾರು ಮುಂಗಡ ಎಂಬುದೊಂದಿತ್ತು. ಅದನ್ನು ಏಳನೆಯ ವೇತನ ಆಯೋಗದ ನಂತರ ನಿಲ್ಲಿಸಲಾಯಿತು. ಅಂದಿನ ಹಿರಿಯ ಅಧಿಕಾರಿಗಳು ಮುಂಗಡ ಮಂಜೂರಾದರೂ ಕಾರು ಮಂಜೂರಾಗದೆ ಕಾದ ಕಥೆಗಳನ್ನು ಹೇಳುತ್ತಿದ್ದರು.

ಹೀಗೆ ಕೈಗೆ ಬಂದ ಕಾರು ಇಪ್ಪತ್ತು ವರ್ಷ ಬಾಳಬೇಕು. ಯಾವ ಊರಿನ ಯಾವ ಗ್ಯಾರೇಜಿನಲ್ಲಾದರೂ ರಿಪೇರಿಯಾಗಬೇಕು. ಅಂಬಾಸಡರ್ ಮತ್ತು ಫಿಯಟ್‌ಗಳ ಗಟ್ಟಿ ಅಚ್ಚಿನ ಮೇಲೆ ಕೈ ಪಳಗಿದ್ದ ಮೆಕ್ಯಾನಿಕ್ಕುಗಳಿಗೆ ಸ್ವಿಂಗ್ ಆಕ್ಸಲ್ ಒಲ್ಲದ ನೆಂಟ. 1972ರಲ್ಲಿ ಹೆರಾಲ್ಡನ್ನು ಪರಿಷ್ಕರಿಸಿ ಗೆಝೆಲ್ ಎಂಬ ಹೆಸರಿನಿಂದ ತಂದಾಗ ಮದರಾಸಿನವರು ಸ್ವಿಂಗ್ ಆಕ್ಸಲನ್ನೇ ಕಿತ್ತೊಗೆದು ಸಾದಾ ಇಡೀ ಅಚ್ಚನ್ನು ಹಾಕಿದರು. ಕವೆಂಟ್ರಿಯಲ್ಲಿ ಸ್ಪ್ರಿಂಗಿನ ಎಲೆಗಳನ್ನು ತೂಗಬಿಟ್ಟು ಸಂಭ್ರಮಿಸುತ್ತಿದ್ದ ಕಾಲದಲ್ಲೇ ಇಲ್ಲಿ ಎತ್ತಿನಗಾಡಿಯ ತತ್ತ್ವಕ್ಕೆ ಮರಳಿದ್ದರು! ಇದನ್ನು ಹಿನ್ನಡೆಯೆಂದು ಇಂಗ್ಲಿಷ್ ಕಾರು ಪ್ರಿಯರು ಬರೆಯುವುದುಂಟು. ನಾವು ಹಾಗೆ ತಿಳಿಯುವುದಿಲ್ಲ. ಅಚ್ಚು ಮಡಿಯದಿದ್ದರೆ ಚಕ್ರವೂ ಮಡಿಯುವುದಿಲ್ಲ. ಕುಲುಕಾಟ ಹೆಚ್ಚಿದರೆ ಬೆನ್ನು ನೋಯಬಹುದು, ಕುತ್ತಿಗೆ ಉಳಿಯುತ್ತದೆ. ಗೆಝೆಲ್ ಮಾರಾಟದಲ್ಲಿ ಗೆಲ್ಲಲಿಲ್ಲ, 1977ರಲ್ಲಿ ನಿಂತುಹೋಯಿತು ಎಂಬುದು ಬೇರೆ ಮಾತು.

ಇನ್ನು ಇಂಥ ಹಳೆಯ ಕಾರನ್ನು ಇಂದು ಇಟ್ಟುಕೊಂಡವರ ವಿಚಾರ. ಸ್ಪಿಟ್‌ಫೈರ್ ಬ್ರಿಟನ್ನಿನಲ್ಲಿ ಈಗಲೂ ಬಡವರ ಕ್ಲಾಸಿಕ್. ಅದನ್ನು ಕೊಂಡವನು ಸಾಮಾನ್ಯವಾಗಿ ಮೊದಲು ಚಕ್ರಗಳ ಅಂಗಡಿಗೆ ಹೋಗುತ್ತಾನೆ. ಕಣ್ಣಿಗೆ ಕಾಣುವುದು ಚಕ್ರವೇ ತಾನೆ. ಈ ಕ್ರಮ ತಪ್ಪು, ಮೇಲೆ ಹೇಳಿದ ಇತಿಹಾಸ ಅದನ್ನು ಅರ್ಥ ಮಾಡಿಸುತ್ತದೆ. ಆರಂಭದ ಸ್ಪಿಟ್‌ಫೈರಿನ ರಿಮ್ಮು ಬರಿಯ 3.5 ಅಂಗುಲ ಅಗಲ, 13 ಅಂಗುಲ ಎತ್ತರ. ಅದರ ಮೇಲೆ ಹಳೆಯ ಕ್ರಾಸ್‌ಪ್ಲೈ ಟೈರು. ಅದು ಬೇಗ ಜಾರುತ್ತಿತ್ತು. ಜಾರುವ ಟೈರು ಚಕ್ರವನ್ನು ಮಡಿಸುವಷ್ಟು ಜೋರಾಗಿ ತಳ್ಳಲಾರದು. ಅಗಲ ರಿಮ್ಮು, ಒಳ್ಳೆಯ ರೇಡಿಯಲ್ ಟೈರು ಹಾಕಿದಾಗ ಹಿಡಿತ ಹೆಚ್ಚುತ್ತದೆ, ಹಿಡಿತದೊಡನೆ ಹಿಂಭಾಗವನ್ನು ಎತ್ತುವ ಬಲವೂ ಹೆಚ್ಚುತ್ತದೆ. ಬಿಗಿದ ಸ್ಪ್ರಿಂಗಿನ ಕಾರಿಗೆ ಚಕ್ರ ಮಾತ್ರ ಬದಲಿಸಿದವನು ದೋಷಕ್ಕೆ ಇನ್ನಷ್ಟು ಬಲ ತುಂಬಿದಂತೆ.

ಆದ್ದರಿಂದ ಹಣವಿಲ್ಲದವನ ಮೊದಲ ಖರ್ಚು ರಬ್ಬರ್ ಬುಷ್‌ಗಳದ್ದು. ಐವತ್ತು ವರ್ಷದ ಬುಷ್ ಬಿಸ್ಕತ್ತಿನಂತೆ ಪುಡಿಯಾಗಿರುತ್ತದೆ; ಅದನ್ನು ಹಾಗೇ ಬಿಟ್ಟು ಬೇರೇನು ಮಾಡಿದರೂ ಕಾರು ನೆಟ್ಟಗೆ ಓಡದು. ನಂತರ ಶಾಕ್ ಅಬ್ಸಾರ್ಬರುಗಳು. ಅದರ ಜೊತೆಗೇ ಮುಂಚಕ್ರದ ಟ್ರನಿಯನ್ ಎಂಬ ಕಂಚಿನ ಭಾಗವನ್ನು ನೋಡಲೇಬೇಕು. ಚಕ್ರವನ್ನು ಹೊತ್ತ ನೆಟ್ಟನೆಯ ಕಂಬದ ಬುಡ ಅದರೊಳಗೆ ಸ್ಕ್ರೂವಿನಂತೆ ತಿರುಗುತ್ತದೆ. ಅದಕ್ಕೆ ಬೇಕಾದದ್ದು ಗ್ರೀಸ್ ಅಲ್ಲ, ಇಪಿ90 ಎಂಬ ದಪ್ಪ ಗೇರ್ ಆಯಿಲ್. ಎಣ್ಣೆ ಕಾಣದ ಟ್ರನಿಯನ್ನಿನೊಳಗೆ ನೀರು ಸೇರಿ ತುಕ್ಕು ಹಿಡಿದು ಒಂದು ದಿನ ಕಂಬವೇ ಮುರಿದು ಮುಂಚಕ್ರ ಮಲಗಿಬಿಡುತ್ತದೆ. ಇಡೀ ಕಾರಿನಲ್ಲಿ ಇದಕ್ಕಿಂತ ಅಗ್ಗವಾದ ಜೀವವಿಮೆ ಇಲ್ಲ, ಇದರಷ್ಟು ಮಂದಿ ಮರೆಯುವ ಕೆಲಸವೂ ಇಲ್ಲ.

ಮಾರ್ಕ್ 4ಕ್ಕಿಂತ ಹಳೆಯ ಕಾರಾದರೆ ಆ ಮೇಲಿನ ಖರ್ಚು ತೂಗುವ ಸ್ಪ್ರಿಂಗಿನದು. ಕಳಚಿದ ಕಾರುಗಳಿಂದ ಸೆಕೆಂಡ್ ಹ್ಯಾಂಡ್ ಆಗಿಯೂ ದೊರೆಯುತ್ತದೆ. ಹಳೆಯದರ ಜಾಗದಲ್ಲೇ ಕೂರುತ್ತದೆ. ಇಲ್ಲೊಂದು ಎಚ್ಚರಿಕೆ. ಸ್ಪ್ರಿಂಗನ್ನು ಮಾತ್ರ ತಂದು, ಮುಂದಿನ ದಪ್ಪ ಆಂಟಿ-ರೋಲ್ ಬಾರನ್ನು ಬಿಟ್ಟರೆ ಕಾರು ದೋಣಿಯಂತೆ ವಾಲುತ್ತದೆ. ಅವು ಜೋಡಿಯಾಗಿ ಹುಟ್ಟಿದವು, ಜೋಡಿಯಾಗಿಯೇ ಬರಬೇಕು. ರೋಟೋಫ್ಲೆಕ್ಸಿನ ಆಸೆ ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಸ್ವತಃ ಕಾರ್ಖಾನೆಯೇ ಜಿಟಿ6ನಲ್ಲಿ ಒಪ್ಪಿಕೊಂಡಿತಲ್ಲ!

ಭಾರತದಲ್ಲಿ ಹೆರಾಲ್ಡ್ ಇಟ್ಟುಕೊಂಡವರಿಗೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2021ರಲ್ಲಿ ಬಂದ ನಿಯಮಗಳ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳ ಫಲಕ ಪಡೆಯಬಹುದು. ಆದರೆ ಚಾಸಿ, ಒಡಲು, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಟು ಆಗಿರಕೂಡದು. ಹಾಗಾದರೆ ಮೂಲ ರೂಪವೆಂದರೆ ಯಾವುದು? 1965ರ ಹೆರಾಲ್ಡಿಗೆ 1970ರ ಸ್ಪ್ರಿಂಗು ಹಾಕಿದವನು ಅದನ್ನು ಕೆಡಿಸಿದನೋ, ಕಂಪನಿಯೇ ತಡವಾಗಿ ಮಾಡಿದ ತಿದ್ದುಪಡಿಯನ್ನು ಜಾರಿಗೆ ತಂದನೋ? ನಮ್ಮ ಒಲವು ಎರಡನೆಯದರತ್ತ. ಬುಷ್, ಶಾಕ್ ಅಬ್ಸಾರ್ಬರ್, ಸ್ಪ್ರಿಂಗು ಸವೆಯುವ ವಸ್ತುಗಳು. ಅವನ್ನು ಬದಲಿಸುವುದು ಕಾರಿನ ಬಾಳಿನ ಭಾಗ. ಚಾಸಿಯನ್ನು ಕತ್ತರಿಸಿ ಯಾವುದೋ ಹೊಸ ಕಾರಿನ ಅಚ್ಚನ್ನು ಬೆಸೆಯುವುದು ಬೇರೆ. ಆಗ ಉಳಿಯುವುದು ಹೆರಾಲ್ಡಿನ ವೇಷ ಮಾತ್ರ. ಹಳೆಯ ಭಾಗಗಳನ್ನು ಎಣ್ಣೆ ಹಚ್ಚಿ, ಚೀಟಿ ಅಂಟಿಸಿ, ಮನೆಯ ಅಟ್ಟದಲ್ಲಿಟ್ಟರೆ ಮುಂದೆ ಬಂದವರು ಬೇಕೆಂದರೆ ಮರಳಿ ಹಾಕಿಕೊಳ್ಳಬಹುದು.

ಇಷ್ಟೆಲ್ಲ ಮುಗಿದು ಹಣ ಉಳಿದರೆ ಚಕ್ರಗಳು. ಹೊಳೆಯುವ ಕಡ್ಡಿಗಳ ಚಕ್ರಗಳಿಗೆ ಮರುಳಾಗದವರು ಕಡಿಮೆ. ಆದರೆ ಅವು ಭಾರ, ತಿರುವಿನಲ್ಲಿ ತುಸು ಬಾಗುತ್ತವೆ, ಒಳಗೆ ಟ್ಯೂಬ್ ಬೇಕು. ಸೈಕಲ್ ಚಕ್ರದ ಹಾಗೆ ಆಗಾಗ ಕಡ್ಡಿ ಬಿಗಿದು ಬೆಂಡ್ ತೆಗೆಯಬೇಕು. ಸೈಕಲ್ ಅಂಗಡಿಯವನು ಐದು ನಿಮಿಷದಲ್ಲಿ ಮಾಡುವ ಆ ಕೆಲಸವನ್ನು ಇದಕ್ಕೆ ಮಾಡಿಕೊಡುವ ಕುಶಲಿಗಳು ಈಗ ವಿರಳ. 1960ರ ದಶಕದ ರ‍್ಯಾಲಿ ಕಾರುಗಳಿಂದ ಹೆಸರಾದ ಮಿನಿಲೈಟ್ ಚಕ್ರಗಳು ಮೂಲದಲ್ಲಿ ಮೆಗ್ನೀಸಿಯಂನವು. ಇಂದು ಅದೇ ಮಾದರಿಯ ಅಲ್ಯೂಮಿನಿಯಂ ಚಕ್ರಗಳು ಹಗುರ, ಸುಂದರ, ಆದರೆ ನಾಲ್ಕರ ಬೆಲೆ ಒಟ್ಟಾದಾಗ ಯೋಚಿಸುವಂತೆ ಮಾಡುತ್ತವೆ. ನಮ್ಮನ್ನು ಕೇಳಿದರೆ ಮಾರ್ಕ್ 4ರ 4.5 ಅಂಗುಲದ ಉಕ್ಕಿನ ಚಕ್ರ, ಅದರ ಮೇಲೆ 155ರ ರೇಡಿಯಲ್ ಟೈರು ಸಾಕು. ಹಳೆಯ ಕಾರುಗಳಿಗೆ ನೇರವಾಗಿ ಕೂರುತ್ತದೆ, ಮರಳು ಹೊಡೆಸಿ ಬಣ್ಣ ಬಳಿದರೆ ಹೊಸದರಂತೆ ಕಾಣುತ್ತದೆ. ನಟ್ಟುಗಳು ಕೂರುವ ವೃತ್ತ 3.75 ಅಂಗುಲದ್ದೇ ಎಂದು ಅಳೆದು ಕೊಳ್ಳಬೇಕು. ಇದೇ ಗಾತ್ರದ ಎಂಜಿ ಮಿಜೆಟ್ ಕಾರಿನದು 4 ಅಂಗುಲ, ನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಚಕ್ರವನ್ನು ತೀರ ಹೊರಗೆ ನಿಲ್ಲಿಸುವ ರಿಮ್ಮುಗಳು ಬೇಡ. ಸನ್ನೆಗೋಲು ಉದ್ದವಾದಂತೆ ಬೇರಿಂಗಿನ ಮೇಲೂ ಅಚ್ಚಿನ ತುದಿಯ ಮೇಲೂ ಭಾರ ಹೆಚ್ಚುತ್ತದೆ. ಆ ಅಚ್ಚನ್ನು ರೂಪಿಸಿದ್ದು 3.5 ಅಂಗುಲದ ರಿಮ್ಮಿಗೆ.